ಮೊದಲು ಕರೆಂಟ್ ಬರಲಿ, ಆಮೇಲೆ ಜಾತಿ ಕೇಳುವ!

ಮೊನ್ನೆ ನಮ್ಮ ಮಂಗಳೂರಿನಲ್ಲಿ ಕರೆಂಟಿನವರ ಜನಸಂಪರ್ಕ ಸಭೆಗೆ ಹೋಗಿದ್ದೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನನಗೆ ಇಂಥ ಸಭೆಗಳ ಹುಚ್ಚು ಜಾಸ್ತಿಯಾಗಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಒಬ್ಬರ ಮನೆ ಹತ್ತಿರ ತೆಂಗಿನ ಮಡಲು ತಂತಿಗೆ ತಾಗುತ್ತದೆ. ಇನ್ನೊಬ್ಬರಿಗೆ ಸಂಜೆ ಏಳಾಯಿತೆಂದರೆ ವೋಲ್ಟೇಜ್ ಇಲ್ಲ, ಮಿಕ್ಸಿ ನರಳುತ್ತದೆಯೇ ಹೊರತು ತಿರುಗುವುದಿಲ್ಲ. ಫೋನ್ ತೆಗೆಯುವುದಿಲ್ಲ ಅಂತ ಮತ್ತೊಬ್ಬರು ಮೇಜು ಕುಟ್ಟಿದರು. ಎಲ್ಲ ನಿಜವಾದ ಕಷ್ಟವೇ. ನನ್ನ ಸರದಿ ಬಂದಾಗ ಕೇಳಿದೆ, "ನಮ್ಮ ಊರಿಗೆ ಬರುವ ಕರೆಂಟಿನಲ್ಲಿ ಕಲ್ಲಿದ್ದಲಿನದ್ದೆಷ್ಟು, ಬಿಸಿಲಿನದ್ದೆಷ್ಟು? ಮುಂದಿನ ಐದು ವರ್ಷಕ್ಕೆ ಏನಾದರೂ ಲೆಕ್ಕ ಹಾಕಿದ್ದೀರಾ ಸರ್?"

ಹಿಂದಿನಿಂದ ಒಬ್ಬರು, "ಮೊದಲು ಕರೆಂಟ್ ಬರಲಿ ಮಾರಾಯ್ರೇ, ಆಮೇಲೆ ಅದರ ಜಾತಿ ಕೇಳುವ" ಅಂದರು. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಯಾವ ದಕ್ಕೆಯದ್ದು, ಇವತ್ತಿನದ್ದಾ ನಿನ್ನೆಯದ್ದಾ ಅಂತ ನಾಲ್ಕು ಸಲ ಕೇಳುವ ಜನ ನಾವು. ಕರೆಂಟ್ ಎಲ್ಲಿಂದ ಬಂತು ಅಂತ ಕೇಳಿದರೆ ನಗು. ಪಡುಬಿದ್ರಿ ಕಡೆ ಹೋಗುವಾಗ ಎಲ್ಲೂರಿನ ಕರೆಂಟ್ ಸ್ಥಾವರದ ಚಿಮಣಿ ಕಾಣುತ್ತದಲ್ಲ, 1,200 ಮೆಗಾವ್ಯಾಟಿನದ್ದು, ಅದಕ್ಕೆ ಬೇಕಾದ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ನಮ್ಮ ಪಣಂಬೂರಿಗೇ ಬಂದು ಇಳಿಯುತ್ತದೆ. ಕಣ್ಣೆದುರಿಗೇ ಉಂಟು. ಆದರೂ ನಮಗೆ ಕರೆಂಟ್ ಅಂದರೆ ಗೋಡೆಯ ಒಳಗೆ ಹುಟ್ಟುವ ವಸ್ತು.

ಮಗಳು ಇರುವ ಮಿನಿಯಾಪೊಲಿಸ್‌ನಲ್ಲಿ ಹೀಗಲ್ಲ. (ಶುರುವಾಯಿತು ಇವರ ಅಮೆರಿಕ ಪುರಾಣ ಅನ್ನುವವರು ಅನ್ನಿ.) ಅಲ್ಲಿ ಊರಿನ ರಸ್ತೆಯಲ್ಲಿ ತಂತಿ, ಪೈಪು ಎಳೆಯಲು ಕಂಪೆನಿಗಳು ನಗರದ ಜೊತೆ ಕರಾರು ಮಾಡಿಕೊಳ್ಳಬೇಕು. 2014ರ ಕೊನೆಗೆ ಆ ಕರಾರು ಮುಗಿಯುವುದಿತ್ತು. ಅದಕ್ಕೂ ಮೊದಲೇ, 2013ರಲ್ಲಿ, ಊರಿನದ್ದೇ ಸ್ವಂತ ಕರೆಂಟ್ ಕಂಪೆನಿ ಮಾಡಿದರೆ ಹೇಗೆ ಅಂತ ಜನ ಮಾತು ಎತ್ತಿದರು. ಕೊನೆಗೆ ಸ್ವಂತ ಕಂಪೆನಿ ಏನೂ ಆಗಲಿಲ್ಲ. ಆದರೆ 2014ರಲ್ಲಿ ಕರೆಂಟಿನ ಎಕ್ಸೆಲ್ ಎನರ್ಜಿ, ಗ್ಯಾಸಿನ ಸೆಂಟರ್‌ಪಾಯಿಂಟ್ ಎರಡೂ ನಗರದ ಜೊತೆ ಕೂತು, ಶುದ್ಧ ಇಂಧನ ಮತ್ತು ಉಳಿತಾಯದ ಕೆಲಸ ಒಟ್ಟಿಗೆ ಮಾಡುತ್ತೇವೆ ಅಂತ ಬರೆದುಕೊಟ್ಟವು. ಊರು ಬಾಯಿ ಬಿಟ್ಟು ಕೇಳಿತು, ಅಷ್ಟೇ.

ಇಲ್ಲಿ ಕಂಪೆನಿ ರಾಜ್ಯ ಸರ್ಕಾರದ್ದು, ದರ ಹೇಳುವುದು ವಿದ್ಯುತ್ ನಿಯಂತ್ರಣ ಆಯೋಗ, ಪಾಲಿಕೆ ಯಾರನ್ನು ಹೆದರಿಸುತ್ತದೆ ಅಂತ ಗೆಳೆಯನೊಬ್ಬ ಕೇಳಿದ. ಒಪ್ಪಿದೆ, ಹೆದರಿಸುವುದು ಬೇಡ. ಆದರೆ ತುಂಬೆಯಿಂದ ಇಡೀ ಊರಿಗೆ ನೀರು ಎತ್ತುವ ಪಂಪಿಗೆ, ಬೀದಿ ದೀಪಕ್ಕೆಲ್ಲ ಬಿಲ್ ಕಟ್ಟುವ ಗಿರಾಕಿ ಅದು. ಅಷ್ಟು ದೊಡ್ಡ ಗಿರಾಕಿ ಅಂಗಡಿಯಲ್ಲಿ ಒಳ್ಳೆ ಮಾಲು ಕೊಡಿ ಅಂತ ಕೇಳಬಾರದಾ? ನೂರು ಕಿಲೋವ್ಯಾಟ್, ಅದಕ್ಕಿಂತ ಜಾಸ್ತಿ ಲೋಡ್ ಇರುವವರು ಬಿಸಿಲು, ಗಾಳಿಯಂಥದ್ದರಿಂದ ಬರುವ ಹಸಿರು ಕರೆಂಟನ್ನೇ ಕೊಳ್ಳಬಹುದು ಅಂತ ಕೇಂದ್ರದ ನಿಯಮ 2022ರಲ್ಲೇ ಬಂದಿದೆ. ದರ ಏರಿಸುವ ಮೊದಲು ಆಯೋಗ ಸಾರ್ವಜನಿಕರ ಅಹವಾಲು ಕೇಳುತ್ತದೆ. ಅಲ್ಲಿ ನಾವು ಪೈಸೆ ಲೆಕ್ಕಕ್ಕೆ ಜಗಳ ಮಾಡಿ, ಚಾ ಕುಡಿದು ಬರುತ್ತೇವೆ.

ಇನ್ನೊಂದು ದೊಡ್ಡ ವಾದ, ನಮ್ಮ ಮಳೆ. ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಸೋಲಾರ್ ಎಂಥದು ಅಂತ. ಸ್ವಲ್ಪ ಯೋಚಿಸಿ. ನಾವು ಬೆವತು ಸಾಯುವುದು, ಎಸಿ ಹಾಕುವುದು ಏಪ್ರಿಲ್ ಮೇಯಲ್ಲಿ. ಬಿಸಿಲು ಸುರಿಯುವುದೂ ಆಗಲೇ. ಮಳೆ ಹಿಡಿದ ಮೇಲೆ ವಾರಾಹಿ, ಶರಾವತಿ ತುಂಬುತ್ತವೆ, ಚಿತ್ರದುರ್ಗ, ಗದಗದ ಕಡೆ ಗಾಳಿಯೂ ಆಗಲೇ ಜೋರು. ಈ ಮಳೆಯ ನೆಪ ಇನ್ನು ಬೇಡ.

ನೆಪದ ವಿಷಯದಲ್ಲಿ ನಾನೂ ಸಾಚಾ ಅಲ್ಲ. ಮನೆ ಮೇಲೆ ಹಾಕುವ 3 ಕಿಲೋವ್ಯಾಟ್ ಸೋಲಾರಿಗೆ ಕೇಂದ್ರ 78,000 ರೂಪಾಯಿ ಸಬ್ಸಿಡಿ ಕೊಡುತ್ತೇನೆ ಅಂತ 2024ರಲ್ಲೇ ಹೇಳಿತು. ನಮ್ಮದು ಹೆಂಚಿನ ಮನೆ, ಪ್ಯಾನೆಲ್ ಕೂರುವುದಿಲ್ಲ ಅಂತ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಿಂದೆ ತಾರಸಿ ಉಂಟು, ಹಪ್ಪಳ ಒಣಗಿಸುವಾಗ ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ಹೋದ ಬೇಸಿಗೆಯಲ್ಲಿ ಎಸಿ ತಂದೆ, ಏಪ್ರಿಲ್‌ನಲ್ಲಿ 200 ಯುನಿಟ್ ದಾಟಿತು, ಗೃಹಜ್ಯೋತಿಯ ಉಚಿತ ಕರೆಂಟ್ ಹೋಗಿ ಪೂರ್ತಿ ಬಿಲ್ ಬಂತು. ಹೆಂಡತಿ ಆ ಬಿಲ್ಲನ್ನು ಇನ್ನೂ ಫ್ರಿಜ್ಜಿನ ಮೇಲೆ ಅಂಟಿಸಿಯೇ ಇಟ್ಟಿದ್ದಾಳೆ.

ಆಮೇಲೆ ಬುದ್ಧಿ ಬಂದು ಹಳೆ ಫ್ಯಾನ್ ಬದಲಿಸಿದೆ. ಹಳೆಯದು 75 ವ್ಯಾಟ್, ಈಗಿನ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೇ ತಿಂಗಳಿಗೆ ಸುಮಾರು 16 ಯುನಿಟ್ ಉಳಿಯುತ್ತದೆ. ಈ ಫ್ಯಾನನ್ನೇ ಕರೆಂಟ್ ಕಂಪೆನಿಯವರು ಕಂತಿನಲ್ಲಿ ಕೊಟ್ಟು ಬಿಲ್ಲಿನಲ್ಲೇ ಹಿಡಿದುಕೊಂಡರೆ ಯಾರು ಬೇಡ ಅನ್ನುತ್ತಾರೆ? ಆದರೆ ಅದನ್ನೂ ಯಾರಾದರೂ ಕೇಳಬೇಕಲ್ವಾ.

ಪಾಲಿಕೆಗೆ ಒಂದು ಅರ್ಜಿ ಬರೆದಿದ್ದೇನೆ, ಒಂದೇ ಪುಟ. ಕರೆಂಟಿನವರ ಹತ್ತಿರ ಊರಿನ ಪರವಾಗಿ ಈ ಮೂರು ವಿಷಯ ಕೇಳಿ ಅಂತ: ಪಂಪಿಗೆ ಹಸಿರು ಕರೆಂಟ್, ತಾರಸಿ ಸೋಲಾರಿಗೆ ಬೇಗ ಮೀಟರ್, ಕಂತಿನ ಫ್ಯಾನ್. ಸಹಿ ಹಾಕುವವರು ಇನ್‌ಬಾಕ್ಸಿಗೆ ಬನ್ನಿ. ಮೊನ್ನೆ ಜಾತಿಯ ಮಾತೆತ್ತಿದ ಮಾರಾಯ್ರಿಗೂ ಜಾಗ ಇಟ್ಟಿದ್ದೇನೆ.