ಬಿಸಿಲಿದ್ದರೆ ಕಡಲ ಗುಹೆಗೆ ಹೋಗಬಹುದೇ? ಒಂದು ಸ್ಪಷ್ಟನೆ
ಆಕಾಶ ತಿಳಿಯಾಗಿದ್ದು ಗಾಳಿಯೂ ಇಲ್ಲದ ದಿನ ಕಡಲ ಗುಹೆಗಳ ದೋಣಿ ವಿಹಾರವನ್ನು ರದ್ದುಪಡಿಸುವುದು ಪ್ರವಾಸಿಗರಿಗೆ ಮಾಡುವ ಮೋಸ ಎಂಬ ಸಂದೇಶವೊಂದು ಹರಿದಾಡುತ್ತಿದ್ದು, ಅದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಆಗಿದೆ. ಗುಹೆಯೊಳಗೆ ಹೋಗಬಹುದೇ ಎಂಬುದನ್ನು ನಿರ್ಧರಿಸುವುದು ಬಿಸಿಲಲ್ಲ; ಅಲೆ ಮತ್ತು ಉಬ್ಬರವಿಳಿತ. ನೂರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು, ಆ ಬಿರುಗಾಳಿ ಅಡಗಿದ ಮೇಲೂ ಮುಂದೆ ಸಾಗಿ, ಶಾಂತವಾಗಿ ಕಾಣುವ ದಡವನ್ನು ತಲುಪುತ್ತವೆ. ತೆರೆದ ಕಡಲಲ್ಲಿ ದೋಣಿಯನ್ನು ಮೆಲ್ಲನೆ ಎತ್ತಿ ಇಳಿಸುವ ಅಂಥ ಅಲೆಯೇ ಇಕ್ಕಟ್ಟಾದ ಗುಹೆಯನ್ನು ಹೊಕ್ಕಾಗ, ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಮೇಲೇರಿ, ದೋಣಿಯನ್ನು ಚಾವಣಿಗೋ ಗೋಡೆಗೋ ಅಪ್ಪಳಿಸಬಲ್ಲದು. ಇಟಲಿಯ ಕಾಪ್ರಿ ದ್ವೀಪದ ನೀಲಿ ಗುಹೆಯ ಬಾಯಿ ನೀರಿನಿಂದ ಸುಮಾರು 1 ಮೀಟರ್ ಮಾತ್ರ ಎತ್ತರವಿದ್ದು, ಪ್ರವಾಸಿಗರು ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ ಮಲಗಿಯೇ ಒಳಹೋಗಬೇಕಾಗುತ್ತದೆ. ಕಡಲು ಪ್ರಕ್ಷುಬ್ಧವಾದರೆ ಅಲ್ಲಿ ಪ್ರವೇಶವನ್ನೇ ನಿಲ್ಲಿಸುತ್ತಾರೆ.

ಆ ಗುಹೆಯ ನೀಲಿ ಹೊಳಪು ದೀಪಗಳ ಕೈಚಳಕ ಎಂಬ, ಅದೇ ಸಂದೇಶದ ಇನ್ನೊಂದು ಮಾತೂ ನಿಜವಲ್ಲ: ನೀರಿನಡಿಯ ತೆರಪಿನಿಂದ ಒಳಬರುವ ಬಿಸಿಲಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುವುದರಿಂದ ನೀಲಿ ಉಳಿಯುತ್ತದೆ. ವಿಹಾರ ರದ್ದಾದರೆ ಹಣ ಹಿಂತಿರುಗಿಸುವರೇ ಎಂದು ಮೊದಲೇ ಕೇಳಿಕೊಳ್ಳುವುದು ಸರಿಯಾದ ಕ್ರಮ. ಆದರೆ ಇಂದು ಬೇಡ ಎನ್ನುವ ದೋಣಿಯವರನ್ನು ದಯವಿಟ್ಟು ಒತ್ತಾಯಿಸಬೇಡಿ.