ಪ್ರಜೆಗಳ ಪಾದಕ್ಕೆ ಪ್ರಭುಗಳ ಅಳತೆಗೋಲು

ದೇಶದ ಸಮಸ್ಯೆಗಳು ಕೈಗೆ ನಿಲುಕದಿದ್ದಾಗ ಪ್ರಭುಗಳು ಬಗ್ಗಿ ಪ್ರಜೆಗಳ ಜೋಡನ್ನು ಅಳೆಯತೊಡಗುತ್ತಾರೆ. 1463ರಲ್ಲಿ ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ಸಿಂಹಾಸನವೇರಿ ಎರಡು ವರ್ಷವಷ್ಟೇ ಆಗಿತ್ತು. ಉತ್ತರದ ಕೋಟೆಗಳಲ್ಲಿ ಬಂಡಾಯ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಅವನ ಸಂಸತ್ತು ಗಂಭೀರವಾಗಿ ಕುಳಿತು, ಲಾರ್ಡ್ ಪದವಿಗಿಂತ ಕೆಳಗಿನ ಯಾರ ಜೋಡಿನ ಮೂತಿಯೂ ಎರಡು ಇಂಚು ಮೀರಕೂಡದೆಂದು ಶಾಸನ ಮಾಡಿತು. ಪೋಲೆಂಡಿನ ಕ್ರಾಕೋವ್ ನಗರದ ಹೆಸರು ಹೊತ್ತು ಯುರೋಪನ್ನೆಲ್ಲ ಚುಚ್ಚುತ್ತಿದ್ದ ಆ ಚೂಪು ಜೋಡುಗಳ ತುದಿಗೆ ಪಾಚಿಯನ್ನೋ ಕೂದಲನ್ನೋ ತುರುಕಿ ನೆಟ್ಟಗೆ ನಿಲ್ಲಿಸುವುದು ಆ ಕಾಲದ ಘನತೆ. ಶ್ರೀಮಂತನ ಪಾಚಿಗೆ ಮಿತಿಯಿಲ್ಲ, ಉಳಿದವರ ಪಾಚಿಗೆ ಎರಡೇ ಇಂಚು.

ಶಾಸನವಷ್ಟೇ ಸಾಲಲಿಲ್ಲವೇನೋ, ಸ್ವಲ್ಪದರಲ್ಲೇ ಲಂಡನ್ನಿನಲ್ಲಿ ಡಂಗುರವೂ ಆಯಿತು. ನಗರದ ಚರಿತ್ರೆ ಬರೆದ ಜಾನ್ ಸ್ಟೋ ದಾಖಲಿಸಿರುವಂತೆ, ತಪ್ಪಿತಸ್ಥರಿಗೆ ಪಾದ್ರಿಗಳ ಶಾಪ ಮತ್ತು 20 ಶಿಲಿಂಗ್ ದಂಡ. ದಂಡದಲ್ಲಿ ಒಂದು ಪಾಲು ಅರಸನಿಗೆ, ಒಂದು ನಗರದ ಬೊಕ್ಕಸಕ್ಕೆ, ಇನ್ನೊಂದು ಸಾಕ್ಷಾತ್ ಜೋಡು ಹೊಲಿಯುವವರ ಸಂಘಕ್ಕೆ! ಹೊಲಿದದ್ದಕ್ಕೆ ಕೂಲಿ, ಹೊಲಿಸಿಕೊಂಡವನು ಸಿಕ್ಕಿಬಿದ್ದರೆ ಪಾಲು. ಇಂಥ ಆರ್ಥಿಕ ನೀತಿಯನ್ನು ರೂಪಿಸಿದ ಮಹನೀಯನ ಹೆಸರು ಉಳಿಯದಿರುವುದು ಅನ್ಯಾಯ. ಪಾದಗಳ ನಿಜವಾದ ದೂರು ಮಾತ್ರ 2021ರವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನ ಹಳೆಯ ಸಮಾಧಿಗಳ ಅಸ್ಥಿಪಂಜರಗಳನ್ನು ಪರಿಶೀಲಿಸಿದ ಸಂಶೋಧಕರು, ಹೆಬ್ಬೆರಳ ಬುಡ ಸೊಟ್ಟಗಾಗಿ ಗಂಟು ಕಟ್ಟಿದ್ದವರ ಪ್ರಮಾಣ 11ರಿಂದ 13ನೆಯ ಶತಮಾನದವರಲ್ಲಿ ಶೇ. 6 ಇದ್ದದ್ದು, ನಂತರದ ಎರಡು ಶತಮಾನದವರಲ್ಲಿ ಶೇ. 27ಕ್ಕೆ ಏರಿತ್ತೆಂದು ಕಂಡುಕೊಂಡರು.

ಉದ್ದವನ್ನು ಹಿಡಿದು ಕಟ್ಟಿದ್ದಾಯಿತು ಎಂದು ಕಾನೂನು ನಿಟ್ಟುಸಿರು ಬಿಡುವಷ್ಟರಲ್ಲಿ, ಎಂಟನೆಯ ಹೆನ್ರಿಯ ಕಾಲದ ಜೋಡು ಬಾತುಕೋಳಿಯ ಕೊಕ್ಕಿನಂತೆ ಅಗಲವಾಗಿ ಚಪ್ಪಟೆಯಾಗಿತ್ತು. ವೆನಿಸ್ಸಿನವರು ಎತ್ತರವನ್ನು ಹಿಡಿದರು: 1430ರಲ್ಲಿಯೇ ಮೂರು ಇಂಚಿನ ಮಿತಿ ಹೇರಿದರೂ, ಅಲ್ಲಿನ ಹೆಂಗಸರ ಅಟ್ಟೆ ಸುಮಾರು ಅರ್ಧ ಮೀಟರಿನವರೆಗೂ ಬೆಳೆದು, ನಡೆಯಬೇಕಾದರೆ ಸೇವಕಿಯರ ಹೆಗಲು ಬೇಕಾಯಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಇವರೆಲ್ಲರಿಗಿಂತ ಜಾಣ. ಕುದುರೆ ಸವಾರರ ರಿಕಾಪಿಗೆಂದು ಹುಟ್ಟಿದ ಹಿಮ್ಮಡಿಗೆ ಕೆಂಪು ಬಣ್ಣ ಬಳಿಸಿ, ಅದನ್ನು ಆಸ್ಥಾನದವರ ಹಕ್ಕಾಗಿಸಿ, 1701ರಲ್ಲಿ ರಿಗೋ ಎಂಬ ಚಿತ್ರಕಾರನೆದುರು ಕಾಲು ಮುಂದಿಟ್ಟು ನಿಂತ.

ಇಷ್ಟೆಲ್ಲ ಅಳತೆಯ ನಡುವೆ ಮನುಷ್ಯನಿಗೆ ಎಡಗಾಲು ಬೇರೆ, ಬಲಗಾಲು ಬೇರೆ ಎಂಬ ಸಂಗತಿ ಯಾವ ಸಂಸತ್ತಿನ ಗಮನಕ್ಕೂ ಬರಲಿಲ್ಲ. ಹಿಮ್ಮಡಿ ಎತ್ತರವಾದಾಗ ಜೋಡಿ ಅಚ್ಚು ಕೆತ್ತುವುದು ತೊಡಕೆಂದು, ಸುಮಾರು 1600ರಿಂದ ಇನ್ನೂರು ವರ್ಷ ಯುರೋಪಿನಲ್ಲಿ ಬಹುಪಾಲು ಎರಡೂ ಪಾದಕ್ಕೆ ಒಂದೇ ಅಚ್ಚಿನ ಜೋಡು ಹೊಲಿಯಲಾಯಿತು. ಹೀಗೆ ಎಡಬಲ ತಿಳಿಯದ ಜೋಡುಗಳಲ್ಲಿಯೇ ಆ ಕಾಲದ ಶಾಸಕರು ಸದನಕ್ಕೆ ನಡೆದುಹೋದರು.

ಆಧುನಿಕರು ಹಿಂದೆ ಬಿದ್ದಿಲ್ಲ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಪಟ್ಟಣದಲ್ಲಿ ಮರದ ಬೇರುಗಳು ಪಾದಚಾರಿ ಮಾರ್ಗವನ್ನು ಎಬ್ಬಿಸಿದ್ದವು. ಎಡವಿ ಬಿದ್ದವರು ದಾವೆ ಹೂಡಿಯಾರೆಂದು ಹೆದರಿದ ಆಡಳಿತ, 1963ರಲ್ಲಿ ಹಾದಿಯನ್ನು ಬಿಟ್ಟು ಹಿಮ್ಮಡಿಯನ್ನು ಹಿಡಿಯಿತು. ಎರಡು ಇಂಚಿಗಿಂತ ಎತ್ತರವಾಗಿದ್ದು ಬುಡ ಒಂದು ಚದರ ಇಂಚಿಗಿಂತ ಕಿರಿದಾಗಿದ್ದರೆ, ಅಂಥ ಜೋಡು ಮೆಟ್ಟಲು ಪರವಾನಗಿ ಕಡ್ಡಾಯ. ಪೊಲೀಸರು ಯಾರನ್ನೂ ಹಿಡಿಯುವುದಿಲ್ಲ. ಪರವಾನಗಿ ಪುರಭವನದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿಯವರೆಗೆ ಅದೇ ಹಿಮ್ಮಡಿಯಲ್ಲಿ, ಅದೇ ಬೇರುಗಳ ಮೇಲೆ ನಡೆದುಹೋಗಬೇಕು.