ಒಂದು, ಎರಡು, ಮೂರು, ನಾಲ್ಕು, ಟಪ್!

ನಮ್ಮ ಬಡಾವಣೆಯ ಸಂಘಕ್ಕೆ ನಾನು ಖಜಾಂಚಿ. ನಾನಾಗಿ ಕೇಳಿ ಪಡೆದ ಹುದ್ದೆಯಲ್ಲ. ಮೂರು ವರ್ಷದ ಹಿಂದೆ ಮೀಟಿಂಗಿನಲ್ಲಿ ಯಾರೋ "ಕಂಪ್ಯೂಟರ್ ಯಾರ ಮನೇಲಿದೆ?" ಅಂತ ಕೇಳಿದರು. ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇತ್ತು. ಎಲ್ಲರೂ ಚಾವಣಿ ನೋಡುತ್ತ ಕೂತರು. ನಾನು ಕೈ ಎತ್ತಿದೆ. ಅವತ್ತಿನಿಂದ ಗಣೇಶನ ಚಂದಾ, ಪೆಂಡಾಲಿನ ಬಾಡಿಗೆ, ಪುಳಿಯೋಗರೆ ಖರ್ಚು, ವಾದ್ಯದವರ ಅಡ್ವಾನ್ಸು ಎಲ್ಲವೂ ನಮ್ಮ ಹಾಲಿನ ಮೂಲೆಯಲ್ಲಿರುವ 2012ರ ಡೆಸ್ಕ್‌ಟಾಪಿನ ಹೊಟ್ಟೆ ಸೇರಿವೆ.

ಈ ಸಲ ಗಣೇಶನನ್ನು ನೀರಿಗೆ ಬಿಟ್ಟು ತಿಂಗಳ ಮೇಲಾಗಿತ್ತು. ಬರುವ ಭಾನುವಾರ ಲೆಕ್ಕ ಒಪ್ಪಿಸುವುದು ಅಂತ ಗೊತ್ತಾಗಿತ್ತು. ನಡುವೆ ದಸರಾ ಬಂತು. ಆಯುಧಪೂಜೆ ಮುಗಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ನಾಲ್ಕು ದಿನ ತಿಪಟೂರಿನ ಕಡೆ ನೆಂಟರ ಮನೆಗೆ ಹೋಗಿದ್ದೆವು. ವಾಪಸ್ ತುಮಕೂರಿಗೆ ಬಂದರೆ ಹಸ್ತ ಮಳೆ ಗುಡುಗು ಸಿಡಿಲಿನ ಸಮೇತ ಹೊಯ್ದು ಹೋಗಿತ್ತು. ಬಟವಾಡಿಯಿಂದ ನಮ್ಮ ಮನೆಯವರೆಗೆ ರಸ್ತೆಯಲ್ಲೆಲ್ಲ ಕೆಂಪು ನೀರು.

ಗುರುವಾರ ಸಂಜೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಲೆಕ್ಕ ಪ್ರಿಂಟ್ ತೆಗೆಯೋಣ ಅಂತ ಕೂತೆ. ಬಟನ್ ಒತ್ತಿದೆ. ಒಳಗೆ ಫ್ಯಾನು ಗುರ್ರ್ ಅಂತು. ನೀಲಿ ದೀಪ ಹತ್ತಿತು. ಆಹಾ ಅಂದುಕೊಂಡು ಲೋಟ ತುಟಿಗೆ ತರುವಷ್ಟರಲ್ಲಿ, ಟಪ್. ಫ್ಯಾನು ನಿಂತಿತು, ದೀಪ ಆರಿತು. ಮಾನಿಟರಿನಲ್ಲಿ "ನೋ ಸಿಗ್ನಲ್" ಅನ್ನುವ ಸಣ್ಣ ಡಬ್ಬ ಈ ತುದಿಯಿಂದ ಆ ತುದಿಗೆ ಸುಮ್ನೆ ಓಡಾಡುತ್ತಿತ್ತು.

ಬಟನ್ ಮೇಲೆ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ಹೆಬ್ಬೆರಳು ಕೆಂಪಾಯಿತು. ಪೂಜೆ ಕುಂಕುಮ, ಪ್ಯಾಂಟಿಗೆ ಒರೆಸುವ ಹಾಗಿಲ್ಲವಲ್ಲ, ಹಣೆಗೆ ಒರೆಸಿಕೊಂಡೆ. ಮತ್ತೆ ಒತ್ತಿದೆ. ಗುರ್ರ್, ದೀಪ, ಟಪ್. ಮತ್ತೆ ಹಣೆ. ಹೀಗೆ ಎಂಟು ಹತ್ತು ಸಲ.

"ಅಪ್ಪ, ಕರೆಕ್ಟಾಗಿ ನಾಲ್ಕು ಸೆಕೆಂಡ್" ಅಂದ ಮಗ. ಅವನು ಪಿಯುಸಿ, ಅದೂ ಸೈನ್ಸ್. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದಿದ್ದ. ಸಹಾಯಕ್ಕೆ ಕರೆದರೆ ಅಳತೆ ಕೊಡುವುದು ಸೈನ್ಸಿನವರ ಸ್ವಭಾವ ಅಂತ ಕಾಣುತ್ತೆ.

"ಸಿ.ಪಿ.ಯು. ಹೋಗಿರಬೇಕು ಕಣೋ" ಅಂದೆ.

"ಅದು ಕ್ಯಾಬಿನೆಟ್ ಅಪ್ಪ. ಸಿ.ಪಿ.ಯು. ಅಂದ್ರೆ ಒಳಗಿರೋ ಚಿಪ್ ಮಾತ್ರ."

ಹೋಗಿರುವುದು ಯಾವುದೇ ಆಗಲಿ, ಅದರ ಹೆಸರಿನ ಬಗ್ಗೆ ಚರ್ಚೆ ಮಾಡುವ ಹೊತ್ತಲ್ಲ ಅದು ಅಂತ ನನಗನ್ನಿಸಿತು.

ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ರೀ, ಸಿಡಿಲಿಗೆ ಹೋಗಿದೆ ಬಿಡಿ." ಪ್ಲಗ್ ಕಿತ್ತಿಟ್ಟು ಹೋಗಿದ್ದೆವಲ್ಲ, ನೆಲದ ಮೇಲೆ ಬಿದ್ದಿದ್ದ ಪ್ಲಗ್ಗನ್ನು ಸಿಡಿಲು ಹೇಗೆ ಹುಡುಕಿಕೊಂಡು ಬಂತು ಅಂತ ಕೇಳಿದೆ. "ಟಿ.ವಿ. ಸರಿಯಾಗೇ ಇದೆ, ಫ್ರಿಜ್ಜೂ ಸರಿಯಾಗೇ ಇದೆ. ಅದಕ್ಕೆ ಹೊಡೆದಿದೆ ಅಂದ್ರೆ ಅದೇ ಹಳೇದು" ಅಂದಳು. ಸಿಡಿಲಿಗೂ ಮನೆ ಸಾಮಾನಿನ ವಯಸ್ಸು ಗೊತ್ತಿರುತ್ತೆ ಅನ್ನುವುದು ನನಗೆ ಹೊಸ ವಿಷಯ.

ಬೆಂಗಳೂರಿನಲ್ಲಿರುವ ಬಾಮೈದನಿಗೆ ಫೋನ್ ಮಾಡಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ.

"ಭಾವ, ರೀಸ್ಟಾರ್ಟ್ ಮಾಡಿ ನೋಡಿದ್ರಾ?"

"ಸ್ಟಾರ್ಟೇ ಆಗ್ತಿಲ್ಲ ಕಣಯ್ಯ, ರೀಸ್ಟಾರ್ಟ್ ಎಲ್ಲಿಂದ ಮಾಡ್ಲಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಭಾವ, ನಾನು ಕ್ಲೌಡಲ್ಲಿ ಕೆಲಸ ಮಾಡೋದು" ಅಂದ. ಸರಿ, ಮೋಡದಲ್ಲಿ ಇರೋನಿಗೆ ನೆಲದ ಮೇಲಿನ ಡಬ್ಬದ ಕಷ್ಟ ಹೇಗೆ ಗೊತ್ತಾಗಬೇಕು? ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಪುಕ್ಕಟೆ ಸಲಹೆ ಕೊಟ್ಟು ಫೋನಿಟ್ಟ.

ಇಷ್ಟರಲ್ಲಿ ಒಂದು ತಪ್ಪು ಮಾಡಿಬಿಟ್ಟೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ "ಕಂಪ್ಯೂಟರ್ ಕೆಟ್ಟಿದೆ, ಲೆಕ್ಕ ಸ್ವಲ್ಪ ತಡವಾಗಬಹುದು" ಅಂತ ಹಾಕಿದೆ. ಐದು ನಿಮಿಷ ಯಾರದ್ದೂ ಉತ್ತರವಿಲ್ಲ. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿಗೆ ಮೂವತ್ತು ಜನ ಕೈ ಮುಗಿಯುವ ಗುಂಪು ಅದು. ಆಮೇಲೆ ಅಧ್ಯಕ್ಷರೇ ಫೋನ್ ಮಾಡಿದರು. "ಪರವಾಗಿಲ್ಲ ಸಾರ್, ನಿಮ್ಮ ಮೇಲೆ ನಮಗೆಲ್ಲ ಪೂರ್ತಿ ನಂಬಿಕೆ ಇದೆ." ಅಲ್ಲಿಯವರೆಗೆ ನಂಬಿಕೆಯ ಮಾತು ಯಾರೂ ಎತ್ತಿರಲಿಲ್ಲ. ಅವರು ಎತ್ತಿದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬರತೊಡಗಿತು. ರಾತ್ರಿ ಬಾಲ್ಕನಿಯಲ್ಲಿ ನಿಂತಿದ್ದರೆ ಕೆಳಗೆ ವಾಕಿಂಗ್ ಹೋಗುತ್ತಿದ್ದ ಇಬ್ಬರು "ಗಣೇಶನ ಲೆಕ್ಕ ಕೇಳಿದ ವಾರಾನೇ ಕೆಡ್ಬೇಕಾ?" ಅಂತ ಮಾತಾಡಿಕೊಂಡು ಹೋದರು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯವರು ಬಂದರು. ಲೈನ್‌ಮನ್ ಆಗಿದ್ದು ರಿಟೈರಾದವರು. ಕೆಲಸ ಬಿಟ್ಟರೂ ಜೇಬಿನಿಂದ ಟೆಸ್ಟರ್ ಬಿಟ್ಟಿಲ್ಲ. ನಮ್ಮ ಮನೆ ದೇವರ ಗೂಡಿನ ದೀಪಕ್ಕೂ ಒಮ್ಮೆ ಟೆಸ್ಟರ್ ಇಟ್ಟಿದ್ದರು. ಬಂದವರೇ ಪ್ಲಗ್ಗಿಗೆ ಇಟ್ಟರು, ಸ್ಪೈಕ್ ಬಸ್ಟರಿಗೆ ಇಟ್ಟರು, ಯು.ಪಿ.ಎಸ್.ಗೆ ಇಟ್ಟರು. "ಯು.ಪಿ.ಎಸ್. ಬ್ಯಾಟ್ರಿ ಡೆಡ್. 12 ವೋಲ್ಟ್, 7 ಎ.ಎಚ್. ಎರಡು ಮೂರು ವರ್ಷಕ್ಕಿಂತ ಜಾಸ್ತಿ ಬರಲ್ಲ. ನೀವು ಎಷ್ಟು ವರ್ಷ ಆಯ್ತು ಬದಲಾಯಿಸಿ?" ನನಗೆ ನೆನಪಿರಲಿಲ್ಲ. ಯು.ಪಿ.ಎಸ್. ಪಕ್ಕಕ್ಕಿಟ್ಟು ಸೀದಾ ಗೋಡೆಗೆ ಕೊಟ್ಟೆವು. ನಾನು ಬಟನ್ ಒತ್ತಿದೆ, ಮಗ ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಟಪ್. ಹಣೆ ಒರೆಸಿಕೊಂಡೆ.

"ಹಾಗಾದ್ರೆ ಎಸ್.ಎಂ.ಪಿ.ಎಸ್." ಅಂದರು. ಗೋಡೆಯ 230 ವೋಲ್ಟನ್ನು ತಗೊಂಡು ಒಳಗಿನ ಸಾಮಾನಿಗೆ 12, 5, 3.3 ವೋಲ್ಟಾಗಿ ಹಂಚುವ ತಗಡಿನ ಡಬ್ಬ ಅದು. ನಮ್ಮದು 450 ವಾಟಿನದ್ದು. ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಅಂಥ ಜಿಲ್ಲೆಯಲ್ಲಿ ಕೂತು ನಾನು ಐದನೇ ಸೆಕೆಂಡಿಗಾಗಿ ಕೈಯೊಡ್ಡಿ ಕೂತಿದ್ದೆ.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆವು. ಆ ದೃಶ್ಯವನ್ನು ಹೆಂಡತಿಗೆ ತೋರಿಸಬಾರದಿತ್ತು. ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆ ರೆಕ್ಕೆಗೂ ಹತ್ತಿಯ ಹಾಗೆ ಧೂಳು. ತಳದಲ್ಲಿ ಒಂದು ಹಲ್ಲಿ ಮೊಟ್ಟೆಯ ಚಿಪ್ಪು, ಮಗ ಐದನೇ ಕ್ಲಾಸಿನಲ್ಲಿ ಕಳೆದ ಮೆಂಡರ್, ಮತ್ತೆ ಎಂಟು ಹತ್ತು ಕಡ್ಲೆಪುರಿ. ಕಡ್ಲೆಪುರಿ ಒಳಗೆ ಹೇಗೆ ಹೋಯಿತು ಅಂತ ಯೋಚಿಸಿದರೆ ಉತ್ತರ ಸುಲಭ. ಪ್ರತಿ ಆಯುಧಪೂಜೆಗೂ ಅಮ್ಮ ಕಂಪ್ಯೂಟರಿನ ತಲೆ ಮೇಲೆ ಪುರಿ ಎರಚುತ್ತಾಳೆ. ಗಾಳಿಗೆ ಅಂತ ಮಾಡಿದ ತೂತುಗಳಿಂದ ಪ್ರಸಾದ ಒಳಗೆ ಇಳಿದಿದೆ. ಆ ಪುರಿ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದು ಪುರಿ ಎತ್ತಿ ಮೂಸಿ ನೋಡಿ ಪಕ್ಕಕ್ಕಿಟ್ಟೆ.

ಮಗ ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಇದು ಸುಳ್ಳು ವೈದ್ಯವೇನಲ್ಲ. ಹಲ್ಲಿನ ಮೇಲೆ ಕಿಲುಬು ಕಟ್ಟಿದರೆ ಕಂಪ್ಯೂಟರ್ ಏಳುವುದಿಲ್ಲ, ಉಜ್ಜಿದರೆ ಎದ್ದುಬಿಡುತ್ತೆ. ನಮ್ಮದೇ ಕಂಪ್ಯೂಟರು ಹಿಂದೆ ಒಂದು ಸಲ ಹಾಗೆ ಎದ್ದಿತ್ತು. ಈ ಸಲ ಏಳಲಿಲ್ಲ.

ಆಮೇಲೆ ಮದರ್‌ಬೋರ್ಡಿನಲ್ಲಿ ಗುಂಡಗೆ ಹೊಳೆಯುತ್ತಿದ್ದ ಬ್ಯಾಟರಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಒಂದು ರೂಪಾಯಿ ನಾಣ್ಯದ ಹಾಗಿರುತ್ತದಲ್ಲ, ಅದು. ಲೈನ್‌ಮನ್ ಸಾಹೇಬರು ಕನ್ನಡಕ ಹಣೆಗೇರಿಸಿ ಓದಿದರು. "ಸಿ.ಆರ್. 2032. ಇದು ಸರಿಯಾಗೇ ಇದೆ, 2032ರ ತನಕ ಟೈಮ್ ಇದೆ ನೋಡಿ."

"ಅದು ಎಕ್ಸ್‌ಪೈರಿ ಅಲ್ಲ ಅಂಕಲ್, ಸೈಜು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ" ಅಂದ ಮಗ.

ಅವರಿಗೆ ಬೇಜಾರಾಯಿತು. ಟೆಸ್ಟರ್ ಜೇಬಿಗೆ ಹಾಕಿಕೊಂಡರು. "ಯಾವುದಕ್ಕೂ ಒಂದು ಸಲ ಕಿತ್ತು ಹಾಕಿ, ರೀಸೆಟ್ ಆಗುತ್ತೆ" ಅಂತ ಹೇಳಿ ಮನೆಗೆ ಹೋದರು. ಕಿತ್ತೆವು, ಹತ್ತು ನಿಮಿಷ ಬಿಟ್ಟು ಹಾಕಿದೆವು. ಒಂದು, ಎರಡು, ಮೂರು, ನಾಲ್ಕು, ಟಪ್. ಈ ಬ್ಯಾಟರಿಯ ವಿಷಯ ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಶನಿವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಕ್ಯಾಬಿನೆಟ್ಟನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗ್ಯಾಸ್ ಸಿಲಿಂಡರಿನ ಹಾಗೆ ನಿಲ್ಲಿಸಿಕೊಂಡು ಹೊರಟೆ. ಮಳೆ ಹನಿಯುತ್ತಿತ್ತು. ಇದ್ದ ಒಂದು ರೇನ್‌ಕೋಟನ್ನು ಕಂಪ್ಯೂಟರಿಗೆ ಹಾಕಿದೆ. ಬಿ.ಎಚ್. ರಸ್ತೆ ಅಂದರೆ ಬೆಂಗಳೂರಿನಿಂದ ಹೊನ್ನಾವರದ ಸಮುದ್ರದವರೆಗೆ ಹೋಗುವ ರಸ್ತೆ. ನನಗೆ ಬಟವಾಡಿಯಿಂದ ಟೌನ್‌ಹಾಲ್ ಸರ್ಕಲ್ ತಲುಪುವಷ್ಟರಲ್ಲೇ ಹೊನ್ನಾವರ ಕಂಡಂತಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನು ರೇನ್‌ಕೋಟು ಹಾಕಿಕೊಂಡ ಡಬ್ಬವನ್ನೂ, ನೆಂದು ತೊಪ್ಪೆಯಾದ ನನ್ನನ್ನೂ ನೋಡಿ "ಸಾರ್, ಯಾರಿಗೆ ಹುಷಾರಿಲ್ಲ?" ಅಂದ.

ಎಂ.ಜಿ. ರಸ್ತೆಯ ಹಿಂದೆ, ಮಹಡಿ ಮೇಲೆ, ಒಬ್ಬ ಹುಡುಗ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಮೇಜಿನ ತುಂಬ ಬಿಚ್ಚಿದ ಕಂಪ್ಯೂಟರುಗಳು. ನನ್ನ ಮೂರು ದಿನದ ಕಥೆಯನ್ನು ಯು.ಪಿ.ಎಸ್.ನಿಂದ ಹಿಡಿದು 2032ರ ತನಕ ಬಿಡದೆ ಹೇಳಿದೆ. ಅವನು ಕಂಪ್ಯೂಟರ್ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ಸಾರ್, ಹಣೇಲಿ ಇಷ್ಟೊಂದು ಕುಂಕುಮ? ಯಾವ ದೇವಸ್ಥಾನ?"

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಮೂರು ದಿನದ ಕುಂಕುಮ ಪದರ ಪದರವಾಗಿ ಕೂತು, ಮಳೆಗೆ ನೆಂದು ಮೂಗಿನ ತನಕ ಇಳಿದಿತ್ತು. ಮುಖ ತೊಳೆದರೂ ಅದು ಹೋಗಿರಲಿಲ್ಲ. "ದೇವಸ್ಥಾನ ಅಲ್ಲಪ್ಪ, ಈ ಬಟನ್ ಒತ್ತಿ ಒತ್ತಿ..." ಅಂದೆ.

"ತೊಳೆದ್ರೂ ಹೋಗಿಲ್ವಾ? ಯಾವುದರಲ್ಲಿ ಕಲಸಿದ್ರು?"

ಅಮ್ಮನಿಗೆ ಫೋನ್ ಹಾಕಿದೆ. "ಒಣ ಕುಂಕುಮ ಆ ಪ್ಲಾಸ್ಟಿಕ್ ಮೇಲೆ ನಿಲ್ಲಲ್ಲ ಕಣೋ, ಜಾರಿ ಹೋಗ್ತದೆ. ಅದಕ್ಕೇ ಹರಳೆಣ್ಣೇಲಿ ಕಲಸಿ ಇಟ್ಟೆ. ಯಾಕೆ, ಅಳಿಸಿಹೋಯ್ತಾ?" ಅಂದಳು. ಅಳಿಸಿಹೋಗಿರಲಿಲ್ಲ. ಅಮ್ಮ ಇಟ್ಟದ್ದು ಚಿಕ್ಕ ಬೊಟ್ಟೂ ಅಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ಊರಿನವರು ದುಂಡಗಿನದ್ದು ಯಾವುದನ್ನೂ ಚಿಕ್ಕದಾಗಿ ಮಾಡುವುದಿಲ್ಲ.

ಹುಡುಗ ಬಟನ್ನನ್ನು ಒಂದೇ ಸಲ ಒತ್ತಿ ಬೆರಳು ತೆಗೆದ. "ಈಗ ನೋಡಿ ಸಾರ್." ಬಗ್ಗಿ ನೋಡಿದೆ. ಒತ್ತಿದ ಬಟನ್ನು ಪಟಕ್ಕನೆ ವಾಪಸ್ ಬರಲಿಲ್ಲ. ಒಳಗೇ ಕೂತಿತ್ತು. ಸುತ್ತಲಿನ ಸಂದಿನಲ್ಲಿ ಕಂದು ಬಣ್ಣದ ಅಂಟು ಮಿಣಮಿಣ ಅನ್ನುತ್ತಿತ್ತು. ಆಮೇಲೆ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳುವ ಹಾಗೆ ಮೆಲ್ಲಗೆ, ಬಹಳ ಮೆಲ್ಲಗೆ, ಹೊರಗೆ ಬಂತು.

ಕಂಪ್ಯೂಟರ್ ಹ್ಯಾಂಗ್ ಆದರೆ ನಾವು ಏನು ಮಾಡುತ್ತೇವೆ? ಬಟನ್ ಒತ್ತಿ ಹಿಡಿದುಕೊಳ್ಳುತ್ತೇವೆ. ನಾಲ್ಕು ಸೆಕೆಂಡ್ ಹಿಡಿದರೆ ಆಫ್ ಆಗುತ್ತೆ. ನಾನು ಒತ್ತಿ ಕೈ ತೆಗೆಯುತ್ತಿದ್ದೆ. ಹರಳೆಣ್ಣೆ ಕೈ ತೆಗೆಯುತ್ತಿರಲಿಲ್ಲ. ಆ ಬಡಪಾಯಿ ಯಂತ್ರ ಮೂರು ದಿನ ನಾವು ಹೇಳಿದ್ದನ್ನೇ ಮಾಡುತ್ತಿತ್ತು. ಏಳು ಅಂದರೆ ಏಳುತ್ತಿತ್ತು, ಮಲಗು ಅಂದರೆ ಮಲಗುತ್ತಿತ್ತು.

ಹುಡುಗ ಮದರ್‌ಬೋರ್ಡಿನ ಮೂಲೆಯಿಂದ ಬಟನ್ನಿನ ವೈರು ಕಿತ್ತ. ಖಾಲಿಯಾದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕ್ಷಣ ಮುಟ್ಟಿಸಿದ. ಗುರ್ರ್. ಅಭ್ಯಾಸಬಲದಿಂದ ನಾನು ಎಣಿಸತೊಡಗಿದೆ. ಮೂರು, ನಾಲ್ಕು... ಐದು, ಆರು. ಒಂದು ಬೀಪ್. ಮಾನಿಟರಿನಲ್ಲಿ ಅಕ್ಷರ ಮೂಡಿತು. ನನ್ನ ಕಣ್ಣು ಒದ್ದೆಯಾಯಿತು ಅಂತ ಹೇಳಬಹುದಿತ್ತು, ಆದರೆ ಆಗಲೇ ಇಡೀ ಮೈ ಒದ್ದೆಯಾಗಿತ್ತು.

"ಸಾರ್, ಇದಕ್ಕೆ ಏನೂ ಆಗಿಲ್ಲ. ಪೂಜೆ ಸ್ವಲ್ಪ ಜಾಸ್ತಿ ಆಗಿದೆ ಅಷ್ಟೆ" ಅಂದ. ಅಂಟು ಕೆರೆಯಲು ಹೋದರೆ ಹಳೇ ಬಟನ್ ಮುರಿದು ಕೈಗೆ ಬಂತು. ಆ ಮಾಡೆಲಿನ ಬಟನ್ ಈಗ ಸಿಗಲ್ಲ ಅಂತ ಹೇಳಿ, ಪಕ್ಕದ ರೀಸೆಟ್ ಬಟನ್ನಿನ ವೈರನ್ನೇ ತಂದು ಪವರ್ ಪಿನ್ನಿಗೆ ಸಿಕ್ಕಿಸಿದ. ಹೀಗಾಗಿ ಈಗ ನಮ್ಮ ಮನೆಯಲ್ಲಿ ರೀಸೆಟ್ ಒತ್ತಿದರೆ ಕಂಪ್ಯೂಟರ್ ಸ್ಟಾರ್ಟ್ ಆಗುತ್ತೆ. ಇದನ್ನು ತಿಳಿದು ಬಹಳ ಸಂತೋಷಪಟ್ಟವನು ಬಾಮೈದ. "ನಾನು ಮೊದಲೇ ಹೇಳಿದ್ನಲ್ಲ ಭಾವ, ರೀಸ್ಟಾರ್ಟ್ ಮಾಡಿ ಅಂತ!"

ಅಂಗಡಿಯವನು ತಗೊಂಡಿದ್ದು ನೂರು ರೂಪಾಯಿ. ಅಮ್ಮ ಕ್ಯಾಬಿನೆಟ್ಟನ್ನು ಒಂದು ಸುತ್ತು ನೋಡಿ, "ಕುಂಕುಮ ಇಡೋಕೆ ಜಾಗಾನೇ ಇಲ್ವಲ್ಲೋ" ಅಂದಳು. ಮುಂದಿನ ವರ್ಷ ಮೌಸ್ ಪ್ಯಾಡಿಗೆ ಇಡುವುದು ಅಂತ ರಾಜಿಯಾಗಿದೆ.

ಭಾನುವಾರ ಹತ್ತೂವರೆಗೆ ಮೀಟಿಂಗ್. ಎದೆಯುಬ್ಬಿಸಿಕೊಂಡು ಹೋಗಿ ಎಲ್ಲರ ಕೈಗೂ ಒಂದೊಂದು ಪ್ರಿಂಟ್ ಕೊಟ್ಟೆ. ವಸೂಲಾದದ್ದು 62,400, ಖರ್ಚು 60,850, ಉಳಿಕೆ 1,550. ಪೈಸೆ ಪೈಸೆಗೂ ರಸೀತಿ. ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರು ಇನ್ನೇನು ಚಪ್ಪಾಳೆ ಅನ್ನಬೇಕು, ಅಷ್ಟರಲ್ಲಿ ಲೈನ್‌ಮನ್ ಸಾಹೇಬರು ಕನ್ನಡಕ ಹಣೆಗೇರಿಸಿ ಹಾಳೆಯ ಮೇಲ್ತುದಿ ಓದತೊಡಗಿದರು. ಅಲ್ಲಿ ತಾರೀಖು ತಾನಾಗೇ ಬೀಳುವ ಹಾಗೆ ನಾನು ಯಾವತ್ತೋ ಮಾಡಿಟ್ಟಿದ್ದೆ. ಕಂಪ್ಯೂಟರ್ ಆಫ್ ಆಗಿದ್ದಾಗ ತಾರೀಖು ಕಾಯುವುದು ಆ ನಾಣ್ಯದ ಬ್ಯಾಟರಿಯೇ. ಅದನ್ನು ಹತ್ತು ನಿಮಿಷ ಕಿತ್ತಿಟ್ಟಿದ್ದೆವಲ್ಲ.

"ತಾರೀಖು 01-01-2011 ಅಂತಿದೆ" ಅಂದರು. ಸಭೆಯೆಲ್ಲ ಹಾಳೆಗೆ ಬಗ್ಗಿತು.

"ಆಗ ಇಲ್ಲಿ ರಾಗಿ ಹೊಲ ಇತ್ತಲ್ಲ ಸಾರ್. ಗಣೇಶನ್ನ ಎಲ್ಲಿ ಕೂರಿಸಿದ್ರಿ?"